ಐದು ಊರುಗಳ ಕಾಣದ ಜೋಡಿ

ಗಣಿತದಲ್ಲಿ ‘ಡ್ಯುಯಾಲಿಟಿ’ ಎಂಬ ಪರಿಕಲ್ಪನೆಯೊಂದಿದೆ. ದ್ವೈತವೆಂದರೆ ಮಧ್ವಾಚಾರ್ಯರೇ ಕಣ್ಣಮುಂದೆ ಬರುವುದರಿಂದ ನಾನಿಲ್ಲಿ ‘ಜೋಡಿರೂಪ’ ಎನ್ನುತ್ತೇನೆ. ಅದರ ಚರಿತ್ರೆಯಲ್ಲಿ 1930ರ ದಶಕದ ಒಂದು ಘಟ್ಟ ನನಗೆ ಬಹಳ ಪ್ರಿಯವಾದುದು.

ನನ್ನ ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಕಾಗದ, ಪೆನ್ಸಿಲು ಹಿಡಿಯಲಿ. ಒಂದು ಚೌಕ ಬರೆದು ಒಂದು ಕರ್ಣ ಎಳೆಯಿರಿ. ಮೂಲೆಗಳು ನಾಲ್ಕು ಊರುಗಳು, ಗೆರೆಗಳು ಐದು ರಸ್ತೆಗಳು. ಎಲ್ಲ ಊರುಗಳನ್ನೂ ಕೂಡಿಸಲು, ಸರಿಯಾಗಿ ಆರಿಸಿದರೆ, ಮೂರು ರಸ್ತೆ ಸಾಕು, ಎರಡು ಉಳಿಯುತ್ತವೆ. ಈಗ ಎರಡು ತ್ರಿಕೋನಗಳಲ್ಲಿಯೂ ಹೊರಗಿನ ಬಯಲಿನಲ್ಲಿಯೂ ಒಂದೊಂದು ಚುಕ್ಕಿಯಿಡಿ. ಪ್ರತಿ ರಸ್ತೆಯನ್ನೂ ಅಡ್ಡಹಾಯುವ ಒಂದೊಂದು ಗೆರೆಯಿಂದ, ಅದರ ಎರಡು ಬದಿಯ ಚುಕ್ಕಿಗಳನ್ನು ಸೇರಿಸಿ. ಉಳಿದ ಆ ಎರಡು ರಸ್ತೆಗಳನ್ನು ಹಾಯುವ ಗೆರೆಗಳಷ್ಟೇ ಮೂರು ಚುಕ್ಕಿಗಳನ್ನೂ ಕೂಡಿಸಿಬಿಡುತ್ತವೆ! ಇಲ್ಲಿ ಬೇಡವಾದದ್ದೇ ಅಲ್ಲಿ ಬೇಕಾದದ್ದು. ಈ ಹೊಸ ಜಾಲವೇ ಹಳೆಯದರ ಜೋಡಿರೂಪ.

ಗೆರೆಗಳು ಒಂದನ್ನೊಂದು ಕತ್ತರಿಸದಂತೆ ಕಾಗದದ ಮೇಲೆ ಬರೆಯಬಲ್ಲ ಜಾಲಗಳಿಗೆ ಮಾತ್ರ ಇಂಥ ಜೋಡಿಜಾಲ ಉಂಟೆಂದು ಅಮೆರಿಕದ ಹ್ಯಾಸ್ಲರ್ ವಿಟ್ನಿ 1932ರಲ್ಲಿ ಸಾಧಿಸಿದರು. ಐದು ಊರುಗಳಿದ್ದು, ಪ್ರತಿ ಎರಡರ ನಡುವೆಯೂ ಒಂದು ರಸ್ತೆಯಿದ್ದರೆ ಒಟ್ಟು ಹತ್ತು ರಸ್ತೆಗಳು. ಇದನ್ನು ಹಾಗೆ ಬರೆಯಲಾಗದು. ಬರೆಯಬಹುದಾಗಿದ್ದರೆ ಆಯ್ಲರನ ಸೂತ್ರದಂತೆ ಏಳು ಪ್ರದೇಶಗಳಾಗಬೇಕು. ಒಂದೊಂದಕ್ಕೆ ಕನಿಷ್ಠ ಮೂರು ಅಂಚು, ಅಂದರೆ 21. ರಸ್ತೆಯೊಂದಕ್ಕೆ ಎರಡು ಬದಿಯಂತೆ ನಮ್ಮ ಬಳಿಯಿರುವುದು 20. ಒಂದೇ ಒಂದು ಕಡಿಮೆ! ಅಷ್ಟಕ್ಕೇ ಆ ಬಡಪಾಯಿ ಜಾಲ ಒಂಟಿಯಾಯಿತು.

ವಿಟ್ನಿ ಅಲ್ಲಿಗೇ ನಿಲ್ಲಲಿಲ್ಲ. 1935ರ ಲೇಖನದಲ್ಲಿ ಅವರು ಚಿತ್ರವನ್ನೇ ಬಿಟ್ಟುಕೊಟ್ಟರು. ಯಾವ ಆಯ್ಕೆಯಲ್ಲಿ ಹೆಚ್ಚುವರಿ ಏನೂ ಇಲ್ಲ ಎಂಬ ನಿಯಮಗಳನ್ನು ಮಾತ್ರ ಉಳಿಸಿಕೊಂಡರು. ಮ್ಯಾಟ್ರಿಕ್ಸಿನ ಕಂಬಸಾಲುಗಳೂ ಅದೇ ನಿಯಮಗಳಿಗೆ ಒಳಪಡುವುದರಿಂದ ‘ಮ್ಯಾಟ್ರಾಯ್ಡ್’ ಎಂದು ಹೆಸರಿಟ್ಟರು. ಪ್ರತಿ ಪೂರ್ಣ ಆಯ್ಕೆಯಲ್ಲಿಯೂ ಬಿಟ್ಟುಳಿದವನ್ನು ಒಟ್ಟುಮಾಡಿದರೆ ಅವೂ ಅದೇ ನಿಯಮಗಳನ್ನು ಪಾಲಿಸುತ್ತವೆ, ಅದೇ ಜೋಡಿರೂಪ. ನಮ್ಮ ಐದು ಊರುಗಳಿಗೆ ನಾಲ್ಕು ರಸ್ತೆ ಸಾಕು, ಉಳಿಯುವ ಆರಾರರ ಗುಂಪುಗಳೇ ಅದರ ಜೋಡಿ. ರಸ್ತೆಗಳ ಜಾಲವಾಗಿ ಅದನ್ನು ಯಾರೂ ಬರೆದು ತೋರಿಸಲಾರರು, ಆದರೂ ಅದು ಇದೆ. ಜೋಡಿಯ ಜೋಡಿಯನ್ನು ತೆಗೆದರೆ ಮತ್ತೆ ಮೊದಲಿನದೇ ದೊರೆಯುತ್ತದೆ. ಶಾಲೆಯ ಬೀಜಗಣಿತ ಬಲ್ಲವರಿಗೂ ನಿಲುಕುವ ಇಂಥ ಸೊಬಗು ಗಣಿತದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ.

ಈ ನಿಯಮಗಳನ್ನು ಕಂಡುಕೊಂಡವರು ವಿಟ್ನಿ ಒಬ್ಬರೇ ಅಲ್ಲ. ಅದೇ 1935ರಲ್ಲಿ, ಅವರ ಕೆಲಸದ ಸುಳಿವಿಲ್ಲದೆಯೇ, ಟೋಕಿಯೋದ ತರುಣ ತಕೆಯೊ ನಕಸಾವಾ ಜರ್ಮನ್ ಭಾಷೆಯಲ್ಲಿ ಅಂಥವೇ ನಿಯಮಗಳನ್ನು ಪ್ರಕಟಿಸತೊಡಗಿದ್ದರು. ಓದಿದವರು ವಿರಳ. 1938ರಲ್ಲಿ ಅವರು ಮಂಚೂರಿಯಾಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಸೋವಿಯತ್ ಸೆರೆಗೆ ಸಿಕ್ಕಿ 1946ರಲ್ಲಿ ಖಬರೋವ್ಸ್ಕಿನಲ್ಲಿ ತೀರಿಕೊಂಡರು. ಆಗಿನ್ನೂ ನಲವತ್ತು ದಾಟಿರಲಿಲ್ಲ. ವಿಟ್ನಿಗೆ 1982ರಲ್ಲಿ ವುಲ್ಫ್ ಪ್ರಶಸ್ತಿ ಬಂದಿತು. ನಕಸಾವಾರ ಲೇಖನಗಳು ಇಂಗ್ಲಿಷ್ ಅನುವಾದದೊಡನೆ ಪುಸ್ತಕವಾಗಿ ಬಂದದ್ದು 2009ರಲ್ಲಿ.