ವಿರಾಮದ ಹೊತ್ತಿನ ತೀರ್ಮಾನ: ಆಟದ ನಡುವೆ ಕ್ವಾರ್ಟರ್‌ಬ್ಯಾಕ್ ಬದಲಿಸಬೇಕಾ?

ಇವತ್ತು ಒಂದು ರಾತ್ರಿಯ ಕಥೆಯಿಂದ ಶುರು ಮಾಡೋಣ.

2018ರ ಜನವರಿ 8. ಅಮೆರಿಕದ ಅಟ್ಲಾಂಟಾದಲ್ಲಿರೋ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಒಂದು ಕಡೆ ಅಲಬಾಮಾ, ಇನ್ನೊಂದು ಕಡೆ ಜಾರ್ಜಿಯಾ. ಅರ್ಧ ಆಟ ಮುಗಿದಾಗ ಸ್ಕೋರು 13-0. ಆ ಸೊನ್ನೆ ಅಲಬಾಮಾದ್ದು. ಅದರ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಎಂಟು ಪಾಸ್ ಎಸೆದಿದ್ದ, ಕೈ ಸೇರಿದ್ದು ಮೂರೇ. ಅದರಿಂದ ಬಂದಿದ್ದು 21 ಯಾರ್ಡ್.

ಡ್ರೆಸಿಂಗ್ ರೂಮಿನಲ್ಲಿ ಕೋಚ್ ನಿಕ್ ಸೇಬನ್ ಒಂದು ತೀರ್ಮಾನ ತಗೊಂಡರು. ದ್ವಿತೀಯಾರ್ಧಕ್ಕೆ ಹರ್ಟ್ಸ್ ಇಳಿಯೋದಿಲ್ಲ. ಅವನ ಬದಲು ಟುವಾ ಟಾಗೊವೈಲೋವಾ ಆಡ್ತಾನೆ. ಹವಾಯಿ ದ್ವೀಪದ ಹುಡುಗ, ಎಡಗೈ ಆಟಗಾರ, ಕಾಲೇಜಿಗೆ ಸೇರಿ ಇದು ಮೊದಲನೇ ವರ್ಷ. ಅಲ್ಲಿವರೆಗೆ ಒಂದು ಪಂದ್ಯದಲ್ಲೂ ಅವನು ಶುರುವಿನಿಂದ ಆಡಿರಲಿಲ್ಲ. ತಂಡ ಭಾರಿ ಮುನ್ನಡೆಯಲ್ಲಿದ್ದಾಗ ಕೊನೆಗೆ ಹೋಗಿ ಆಡಿ ಬರ್ತಿದ್ದ, ಅಷ್ಟೇ.

ಇನ್ನು ಹರ್ಟ್ಸ್? ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಅಷ್ಟು ಹೊತ್ತಿಗೆ 25 ಗೆಲುವು, ಎರಡೇ ಸೋಲು. ಅವನನ್ನ ಫೈನಲ್‌ನ ಮಧ್ಯದಲ್ಲಿ ಕೂರಿಸೋದು ಅಂದ್ರೆ ಸಣ್ಣ ಮಾತಲ್ಲ. ಇಬ್ಬರಿಗೂ ಆಗ ವಯಸ್ಸು 19.

ಈ ಆಟ ನೋಡದವರಿಗೆ ಒಂದೆರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ ಹನ್ನೊಂದು ಜನ. ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಹೆಚ್ಚುಕಮ್ಮಿ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಓಡುವವನಿಗೆ ಕೊಡಬೇಕಾ, ತಾನೇ ಓಡಬೇಕಾ, ಎರಡು ಮೂರು ಸೆಕೆಂಡಿನಲ್ಲಿ ಅವನು ನಿರ್ಧರಿಸಬೇಕು. ಉಳಿದ ಹತ್ತು ಜನರಿಗೆ ಅವನ ದನಿ ಗೊತ್ತಿರಬೇಕು, ಅವನ ಲಯ ಗೊತ್ತಿರಬೇಕು. ಹಾಗಾಗಿ ಅವನನ್ನ ಬದಲಿಸಿದರೆ ಒಬ್ಬ ಆಟಗಾರ ಮಾತ್ರ ಅಲ್ಲ, ತಂಡದ ಆಟದ ರೀತಿಯೇ ಬದಲಾಗುತ್ತೆ.

ಇನ್ನೊಂದು ವಿಷಯ. ಹೀಗೆ ಬೇಕೆಂದಾಗ ಬದಲಿಸೋ ಸ್ವಾತಂತ್ರ್ಯ ಕೋಚ್‌ಗಳಿಗೆ ಮೊದಲಿಂದ ಇರಲಿಲ್ಲ. ಹಳೇ ಕಾಲದಲ್ಲಿ ಅದೇ ಹನ್ನೊಂದು ಜನ ದಾಳಿಯನ್ನೂ ಮಾಡ್ತಿದ್ದರು, ರಕ್ಷಣೆಯನ್ನೂ ಮಾಡ್ತಿದ್ದರು. ಹೊರಗೆ ಹೋದವನು ಮತ್ತೆ ಒಳಗೆ ಬರೋಕೆ ಕಟ್ಟುನಿಟ್ಟು. 1941ರಲ್ಲಿ ನಿಯಮ ಸಡಿಲವಾಯ್ತು, 1953ರಲ್ಲಿ ಮತ್ತೆ ಬಿಗಿಯಾಯ್ತು. ಕಾಲೇಜು ಆಟದಲ್ಲಿ ಬದಲಾವಣೆ ಪೂರ್ತಿ ಮುಕ್ತವಾಗಿದ್ದು 1960ರ ದಶಕದ ಮಧ್ಯದಲ್ಲಿ. ಆಮೇಲೇನೇ ‘ಇವನನ್ನ ತೆಗೀಬೇಕಾ, ಬಿಡಬೇಕಾ’ ಅನ್ನೋ ಪ್ರಶ್ನೆ ಪ್ರತಿ ಶನಿವಾರದ ತಲೆನೋವಾಗಿದ್ದು.

ಸರಿ, ಅಟ್ಲಾಂಟಾಕ್ಕೆ ವಾಪಸ್ ಹೋಗೋಣ. ಟುವಾ ಬಂದ ತಕ್ಷಣ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ಒಂದು ಟಚ್‌ಡೌನ್ ಪಾಸ್ ಕೊಟ್ಟ, ಸ್ಕೋರು 13-7 ಆಯ್ತು. ಅದರ ಬೆನ್ನಿಗೇ ಜಾರ್ಜಿಯಾ 80 ಯಾರ್ಡ್‌ನ ಟಚ್‌ಡೌನ್ ಹೊಡೆದು 20-7ಕ್ಕೆ ಹೋಯ್ತು. ಆಮೇಲೆ ಟುವಾ ಎಸೆದ ಒಂದು ಪಾಸ್ ಎದುರಾಳಿ ಕೈಗೇ ಸಿಕ್ತು. ಆ ಗಳಿಗೆಯಲ್ಲಿ ಪಂದ್ಯ ನಿಂತಿದ್ದರೆ ಸೇಬನ್ ಮಾಡಿದ್ದು ಶುದ್ಧ ಹುಚ್ಚಾಟ ಅಂತ ಎಲ್ಲರೂ ಹೇಳ್ತಿದ್ದರು.

ಆದರೆ ಅಲಬಾಮಾದ ರಕ್ಷಣಾ ಪಡೆ ಚೆಂಡನ್ನ ಕೂಡಲೇ ಕಿತ್ತುಕೊಂಡಿತು. ಎರಡು ಫೀಲ್ಡ್ ಗೋಲ್ ಬಂತು, 20-13. ಇನ್ನು ನಾಲ್ಕು ನಿಮಿಷಕ್ಕೂ ಕಮ್ಮಿ ಸಮಯ ಉಳಿದಿದೆ, ನಾಲ್ಕನೇ ಅವಕಾಶ, ತಪ್ಪಿದರೆ ಕಥೆ ಮುಗೀತು. ಟುವಾ ಕ್ಯಾಲ್ವಿನ್ ರಿಡ್ಲಿಗೆ ಏಳು ಯಾರ್ಡ್ ಪಾಸ್ ಕೊಟ್ಟು 20-20 ಮಾಡಿದ. ಕೊನೇ ಕ್ಷಣದಲ್ಲಿ 36 ಯಾರ್ಡ್‌ನ ಒಂದು ಕಿಕ್ ಸಾಕಿತ್ತು ಗೆಲ್ಲೋಕೆ. ಅದು ತಪ್ಪಿಹೋಯ್ತು!

ಓವರ್‌ಟೈಮ್. ಜಾರ್ಜಿಯಾ 51 ಯಾರ್ಡ್ ಕಿಕ್‌ನಿಂದ ಮೂರು ಪಾಯಿಂಟ್ ತಗೊಂಡಿತು. ಅಲಬಾಮಾದ ಸರದಿ ಬಂತು. ಮೊದಲ ಅವಕಾಶದಲ್ಲೇ ಟುವಾ ಸಿಕ್ಕಿಬಿದ್ದ, 16 ಯಾರ್ಡ್ ಹಿಂದಕ್ಕೆ ಹೋದ. ಅನುಭವಿ ಆಟಗಾರ ಚೆಂಡನ್ನ ಹೊರಗೆ ಎಸೆದು ಬಚಾವ್ ಆಗ್ತಿದ್ದ, ಇವನು ಆಗಲಿಲ್ಲ. ಈಗ ಎರಡನೇ ಅವಕಾಶಕ್ಕೆ 26 ಯಾರ್ಡ್ ಬೇಕು. ಮರುಕ್ಷಣವೇ ಎಡಗಡೆ ಓಡ್ತಿದ್ದ ಡೆವಾಂಟಾ ಸ್ಮಿತ್‌ಗೆ 41 ಯಾರ್ಡ್ ದೂರದ ಪಾಸ್. ಟಚ್‌ಡೌನ್. 26-23. ಸೇಬನ್‌ಗೆ ಆರನೇ ರಾಷ್ಟ್ರೀಯ ಪ್ರಶಸ್ತಿ. ಅಲಬಾಮಾದ ದಂತಕಥೆ ಬೇರ್ ಬ್ರಯಂಟ್ ದಾಖಲೆಗೆ ಸಮ.

ಗೆದ್ದೆತ್ತಿನ ಬಾಲ ಹಿಡಿಯೋದು ಸುಲಭ. ಅವತ್ತಿನಿಂದ ಈ ತೀರ್ಮಾನವನ್ನ ಧೈರ್ಯದ ಉದಾಹರಣೆ ಅಂತ ಹೇಳ್ತಾ ಬಂದಿದ್ದಾರೆ. ಆದರೆ ಆ ಕಿಕ್ ಒಳಗೆ ಹೋಗಿದ್ದರೂ ಇದೇ ಫಲಿತಾಂಶ, ಆ ಕೊನೇ ಪಾಸ್ ಬೆರಳಿಗೆ ತಾಗಿ ಜಾರಿದ್ದರೆ ಬಹುಶಃ ಬೇರೆಯೇ ಫಲಿತಾಂಶ. ಫಲಿತಾಂಶ ನೋಡಿ ತೀರ್ಮಾನ ಸರಿಯೋ ತಪ್ಪೋ ಅನ್ನೋದಾದ್ರೆ ನಾವು ಕಲಿಯೋದೇನೂ ಇಲ್ಲ. ವಿರಾಮದ ಹೊತ್ತಿನಲ್ಲಿ ಸೇಬನ್‌ಗೆ ಏನು ಗೊತ್ತಿತ್ತು ಅನ್ನೋದನ್ನ ನೋಡಬೇಕು. ಜಾರ್ಜಿಯಾ ಓಟವನ್ನ ಕಟ್ಟಿಹಾಕಿತ್ತು, ಪಾಸ್ ಮಾಡದೆ ದಾರಿ ಇರಲಿಲ್ಲ. ಹರ್ಟ್ಸ್‌ನ ಬಲ ಓಟ, ಟುವಾನ ಬಲ ಪಾಸ್. ಜಾರ್ಜಿಯಾ ಕೋಚ್ ಕರ್ಬಿ ಸ್ಮಾರ್ಟ್ ವರ್ಷಗಟ್ಟಲೆ ಸೇಬನ್ ಕೈಕೆಳಗೇ ಇದ್ದವರು. ಸೇಬನ್ ತಂಡದ ಆಟದ ರೀತಿ ಅವರಿಗೆ ಒಳಗಿನಿಂದ ಗೊತ್ತಿರೋ ವಿಷಯ.

ಈಗ ಇದಕ್ಕೆ ಉಲ್ಟಾ ಉದಾಹರಣೆ. 2012ರ ಜನವರಿ 9, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಅದೇ ಸೇಬನ್, ಅದೇ ಅಲಬಾಮಾ. ಎದುರಿಗೆ ಆ ಸೀಸನ್‌ನ 13 ಪಂದ್ಯಗಳನ್ನೂ ಗೆದ್ದಿದ್ದ ಎಲ್‌ಎಸ್‌ಯು. ಅವರ ಬಳಿ ಇಬ್ಬರು ಕ್ವಾರ್ಟರ್‌ಬ್ಯಾಕ್. ಮೊದಲ ಒಂಬತ್ತು ಪಂದ್ಯ ಶುರು ಮಾಡಿದ್ದು ಜ್ಯಾರೆಟ್ ಲೀ. ಒಂಬತ್ತನೆಯದು ನವೆಂಬರ್‌ನಲ್ಲಿ, ಇದೇ ಅಲಬಾಮಾ ವಿರುದ್ಧ. ಅದರಲ್ಲಿ ಲೀ ಎಡವಿದ. ಕೋಚ್ ಲೆಸ್ ಮೈಲ್ಸ್ ಅವನನ್ನ ತೆಗೆದು ಜೋರ್ಡನ್ ಜೆಫರ್ಸನ್‌ನ ಇಳಿಸಿದರು, 9-6ರಲ್ಲಿ ಗೆದ್ದರು. ಅಂದ್ರೆ ಆಟದ ನಡುವೆ ಬದಲಿಸೋದು ಮೈಲ್ಸ್‌ಗೆ ಗೊತ್ತಿಲ್ಲದ ವಿದ್ಯೆ ಏನಲ್ಲ.

ಆದರೆ ಜನವರಿಯ ಫೈನಲ್‌ನಲ್ಲಿ ಜೆಫರ್ಸನ್ ದಾರಿ ಕಾಣದೆ ಒದ್ದಾಡ್ತಿದ್ದಾಗ ಮೈಲ್ಸ್ ಬದಲಿಸಲೇ ಇಲ್ಲ. ಇಡೀ ಪಂದ್ಯದಲ್ಲಿ ಎಲ್‌ಎಸ್‌ಯು ಗಳಿಸಿದ್ದು 92 ಯಾರ್ಡ್. ಮೈದಾನದ ಅರ್ಧ ಗೆರೆ ದಾಟಿದ್ದು ಒಂದೇ ಒಂದು ಸಲ. ಸೋಲು 21-0. ಲೀ ಒಂದು ಗಳಿಗೆಯೂ ಒಳಗೆ ಬರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ಹಾಗೆ ಹೊರಗೇ ಉಳಿದ. ಲೀ ಬಂದಿದ್ದರೆ ಗೆಲ್ತಿದ್ದರಾ? ಗ್ಯಾರಂಟಿ ಏನಿಲ್ಲ. ಆದರೆ ನಡೀತಿರೋದು ನಡೀತಿಲ್ಲ ಅಂತ ಕಣ್ಣಿಗೆ ಕಂಡ ಮೇಲೂ ಅದನ್ನೇ ಹಿಡ್ಕೊಂಡು ಕೂತರು ಅನ್ನೋದು ಇವತ್ತಿಗೂ ಮೈಲ್ಸ್ ಮೇಲಿರೋ ದೂರು.

ಇನ್ನೂ ಹಿಂದೆ ಹೋಗೋಣ. 1984ರ ನವೆಂಬರ್ 10, ಮಿಯಾಮಿಯ ಆರೆಂಜ್ ಬೌಲ್. ವಿರಾಮದ ಹೊತ್ತಿಗೆ ಮೇರಿಲ್ಯಾಂಡ್ ತಂಡ ಹಾಲಿ ಚಾಂಪಿಯನ್ ಮಿಯಾಮಿ ಎದುರು 31-0 ಹಿಂದಿತ್ತು. ಕೋಚ್ ಬಾಬಿ ರಾಸ್ ಅವರು ಸ್ಟ್ಯಾನ್ ಗೆಲ್‌ಬಾನ ಕೂರಿಸಿ ಫ್ರ್ಯಾಂಕ್ ರೈಕ್‌ನ ಕಳಿಸಿದರು. ಗಮನಿಸಿ, ಈ ರೈಕ್ ಆ ಸೀಸನ್‌ನ ಶುರುವಿನಲ್ಲಿ ಮೊದಲ ಆಯ್ಕೆ. ಭುಜಕ್ಕೆ ಪೆಟ್ಟಾಗಿ ಜಾಗ ಕಳ್ಕೊಂಡಿದ್ದ. ಬಂದವನು ಮೂರು ಟಚ್‌ಡೌನ್ ಪಾಸ್ ಕೊಟ್ಟ, ತಾನೂ ಒಂದು ಟಚ್‌ಡೌನ್ ಹೊಡೆದ. ಮೇರಿಲ್ಯಾಂಡ್ 42-40ರಲ್ಲಿ ಗೆದ್ದಿತು. ಕಾಲೇಜು ಫುಟ್‌ಬಾಲ್‌ನಲ್ಲಿ ಅಷ್ಟು ಹಿಂದೆ ಬಿದ್ದು ಗೆದ್ದಿದ್ದು ಅದೇ ಮೊದಲು. ಎಂಟು ವರ್ಷದ ನಂತರ, 1993ರ ಜನವರಿಯಲ್ಲಿ, ಅದೇ ರೈಕ್ ವೃತ್ತಿಪರ ಲೀಗ್‌ನಲ್ಲಿ ಬಫಲೋ ಬಿಲ್ಸ್‌ಗೆ ಆಡಿದ, ಗಾಯಗೊಂಡ ಜಿಮ್ ಕೆಲ್ಲಿ ಬದಲಿಗೆ. 35-3 ಹಿಂದಿದ್ದ ತಂಡ 41-38ರಲ್ಲಿ ಗೆದ್ದಿತು. ಎರಡೂ ಸಲ ಅವನು ಮೀಸಲು ಆಟಗಾರನೇ.

ಈ ಮೂರೂ ಕಥೆಗಳನ್ನ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಕಾಣುತ್ತೆ. ಬದಲಾವಣೆ ಫಲ ಕೊಟ್ಟಿದ್ದು ಹೊಸಬ ಹಳಬನಿಗಿಂತ ದೊಡ್ಡ ಆಟಗಾರ ಅಂತಲ್ಲ. ಎದುರಾಳಿ ಸಿದ್ಧವಾಗಿದ್ದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಕೇಳೋಕೆ ಅವನಿಗೆ ಆಗ್ತಿತ್ತು, ಅದಕ್ಕೆ. ಜೊತೆಗೆ ಅವನು ತಯಾರಾಗಿದ್ದ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ನಡೆಯೋಲ್ಲ. ನಾವು ಟಿವಿಯಲ್ಲಿ ನೋಡೋದು ವಿರಾಮದ ಹದಿನೈದು ಇಪ್ಪತ್ತು ನಿಮಿಷ. ಆ ತೀರ್ಮಾನದ ಅರ್ಧ ಭಾಗ ತಿಂಗಳುಗಟ್ಟಲೆ ಅಭ್ಯಾಸದಲ್ಲೇ ಆಗಿರುತ್ತೆ.

ಇನ್ನರ್ಧ? ಅದು ಆಮೇಲೆ ಆಗುತ್ತೆ. ಇದರ ಬಗ್ಗೆ ಮಾತಾಡೋರು ಕಮ್ಮಿ.

ಅಟ್ಲಾಂಟಾದ ಆ ರಾತ್ರಿ ಹರ್ಟ್ಸ್ ಗೆರೆಯ ಪಕ್ಕ ನಿಂತು ಟುವಾಗೆ ಹುರುಪು ತುಂಬ್ತಿದ್ದ, ಗೆದ್ದಾಗ ತಬ್ಬಿಕೊಂಡ. ಅಂದಹಾಗೆ ಹರ್ಟ್ಸ್‌ಗೂ ಈ ಜಾಗ ಸಿಕ್ಕಿದ್ದು ಇಂಥದ್ದೇ ಬದಲಾವಣೆಯಿಂದ. 2016ರ ಮೊದಲ ಪಂದ್ಯದಲ್ಲಿ ಬ್ಲೇಕ್ ಬಾರ್ನೆಟ್ ಬದಲು ಒಳಗೆ ಬಂದು ಜಾಗ ಗಿಟ್ಟಿಸಿದ್ದ. ಬಾರ್ನೆಟ್ ಅದೇ ತಿಂಗಳು ತಂಡ ಬಿಟ್ಟ. ಈಗ ಹರ್ಟ್ಸ್ ಸರದಿ. ಅವನೂ ಹೋಗ್ತಾನೆ ಅಂತ ಎಲ್ಲರೂ ಅಂದ್ಕೊಂಡರು. ಅವನು ಉಳಿದ. ಆದರೆ ನೋವಿರಲಿಲ್ಲ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಪತ್ರಕರ್ತರ ಮುಂದೆ ನೇರವಾಗಿ ಹೇಳಿದ: ಇಷ್ಟು ತಿಂಗಳು ನಿನಗೆ ಏನನ್ನಿಸ್ತಿದೆ ಅಂತ ಕೋಚ್‌ಗಳೂ ಸೇರಿ ಯಾರೂ ನನ್ನ ಕೇಳಲಿಲ್ಲ ಅಂತ. 19-20 ವರ್ಷದ ಹುಡುಗ ತನ್ನ ಕೋಚ್‌ಗಳ ಬಗ್ಗೆ ಹೀಗೆ ಹೇಳೋದಕ್ಕೂ ಧೈರ್ಯ ಬೇಕು ಅಲ್ವಾ?

2018ರ ಡಿಸೆಂಬರ್ 1. ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ, ಈ ಸಲ ಎಸ್‌ಇಸಿ ಫೈನಲ್. ಟುವಾ ಸರಿಯಾಗಿ ಆಡ್ತಿಲ್ಲ, ಮೇಲಿಂದ ಕಣಕಾಲಿಗೆ ಪೆಟ್ಟು. ಕೊನೇ ಕ್ವಾರ್ಟರ್, ಅಲಬಾಮಾ 28-21 ಹಿಂದಿದೆ. ಒಳಗೆ ಬಂದಿದ್ದು ಹರ್ಟ್ಸ್. ಒಂಬತ್ತು ಪಾಸ್‌ನಲ್ಲಿ ಏಳು ಸರಿಯಾಗಿ ಸೇರಿಸಿದ. ಒಂದು ಟಚ್‌ಡೌನ್ ಪಾಸ್ ಕೊಟ್ಟ. ಒಂದು ನಿಮಿಷ ನಾಲ್ಕು ಸೆಕೆಂಡ್ ಉಳಿದಿರೋವಾಗ 15 ಯಾರ್ಡ್ ತಾನೇ ಓಡಿ ಗೆಲುವಿನ ಟಚ್‌ಡೌನ್ ಹೊಡೆದ. 35-28. ಆ ರಾತ್ರಿ ಹರ್ಟ್ಸ್ ಬಗ್ಗೆ ಮಾತಾಡೋವಾಗ ಸೇಬನ್ ಗಂಟಲು ಕಟ್ಟಿತ್ತು.

ಜನವರಿಯ ಬದಲಾವಣೆಯನ್ನ ಎಲ್ಲರೂ ಹೊಗಳ್ತಾರೆ. ಆದರೆ ಡಿಸೆಂಬರ್‌ನಲ್ಲಿ ಬದಲಿಸೋಕೆ ಯಾರಾದ್ರೂ ಇದ್ದಿದ್ದು, ಹೊರಗೆ ಕೂತವನು ಎದ್ದು ಹೋಗದೆ ಇದ್ದಿದ್ದಕ್ಕೆ.

ಅದೇ ವರ್ಷ ಕ್ಲೆಮ್‌ಸನ್‌ನಲ್ಲಿ ಆಗಿದ್ದು ನೋಡಿ. ನಾಲ್ಕು ಪಂದ್ಯ ಗೆದ್ದ ಮೇಲೆ ಕೋಚ್ ಡೇಬೊ ಸ್ವಿನ್ನಿ ಅವರು ಕೆಲ್ಲಿ ಬ್ರಯಂಟ್ ಜಾಗಕ್ಕೆ ಹೊಸ ಹುಡುಗ ಟ್ರೆವರ್ ಲಾರೆನ್ಸ್‌ನ ತಂದರು. ಬ್ರಯಂಟ್ ತಂಡ ಬಿಟ್ಟ. ಅದೇ ವಾರಾಂತ್ಯ ಸಿರಾಕ್ಯೂಸ್ ವಿರುದ್ಧ ಲಾರೆನ್ಸ್‌ಗೆ ಪೆಟ್ಟಾಯ್ತು. ಈಗ ಯಾರು? ಬ್ರಯಂಟ್ ಇಲ್ಲದ ಕಾರಣ ಸರದಿ ಬಂದಿದ್ದು ಚೇಸ್ ಬ್ರೈಸ್‌ಗೆ. ಅವನು ಕೊನೆಯಲ್ಲಿ ತಂಡವನ್ನ 94 ಯಾರ್ಡ್ ಎಳ್ಕೊಂಡು ಹೋಗಿ 27-23ರಲ್ಲಿ ಗೆಲ್ಲಿಸಿದ. ಆ ಸೀಸನ್ ಕ್ಲೆಮ್‌ಸನ್ ಚಾಂಪಿಯನ್ ಆಯ್ತು, ಫೈನಲ್‌ನಲ್ಲಿ ಅಲಬಾಮಾವನ್ನೇ 44-16ರಲ್ಲಿ ಸೋಲಿಸಿ. ಆದರೆ ಬ್ರೈಸ್ ಅವತ್ತು ಎಡವಿದ್ದರೆ?

ಈಗ ಲೆಕ್ಕ ಇನ್ನೂ ಕಷ್ಟ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಿಂದ ಒಂದು ವರ್ಷ ಸುಮ್ಮನೆ ಕೂರದೆ ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಅದೇ ವರ್ಷದಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಇದು ಹುಡುಗರಿಗೆ ನ್ಯಾಯವೇ. ಕೋಚ್ ಮಾತ್ರ ದುಡ್ಡು ಮಾಡಿ, ಆಡೋ ಹುಡುಗ ಕೈಕಟ್ಟಿ ಕೂರಬೇಕು ಅನ್ನೋದು ಸರಿಯಿರಲಿಲ್ಲ. ಆದರೆ ಇವತ್ತು ವಿರಾಮದಲ್ಲಿ ಕೂರಿಸಿದ ಹುಡುಗ ಮುಂದಿನ ಸೀಸನ್‌ಗೆ ಎದುರಾಳಿ ತಂಡದಲ್ಲಿ ಇರಬಹುದು. ಒಂದು ಪಂದ್ಯಕ್ಕಾಗಿ ಒಂದು ಸೀಸನ್ ಕಳ್ಕೊಳ್ಳೋದಾ ಅನ್ನೋ ಯೋಚನೆ ಕೋಚ್ ತಲೆಯಲ್ಲಿ ಓಡ್ತಾನೇ ಇರುತ್ತೆ.

ಹಾಗಾದ್ರೆ ಬದಲಿಸಬೇಕಾ, ಬೇಡವಾ? ಈ ಚರಿತ್ರೆ ಓದಿ ನನಗನ್ನಿಸೋದು ಇಷ್ಟು. ಒಂದು ತಪ್ಪಿಗೆ ಬದಲಿಸಬಾರದು. ಹಾಗೆ ಮಾಡಿದ್ರೆ ಮುಂದೆ ಬರೋನೂ ಹೆದರ್ಕೊಂಡೇ ಆಡ್ತಾನೆ. ದಾರಿಯೇ ಮುಚ್ಚಿಹೋಗಿದ್ದರೆ, ಬೇರೆ ದಾರಿ ಗೊತ್ತಿರೋನು ತಯಾರಾಗಿದ್ದರೆ, ಹೆಸರು ನೋಡದೆ ಬದಲಿಸಬೇಕು. ಬದಲಿಸಿದ ಮೇಲೆ, ಕೂರಿಸಿದವನ ಹತ್ತಿರ ಹೋಗಿ ಹೇಗಿದ್ದೀಯಾ ಅಂತ ಕೇಳಬೇಕು. ಈ ಕೊನೇ ಮಾತು ಆಟದ ಪುಸ್ತಕದಲ್ಲಿ ಇರೋಲ್ಲ, ಆದರೆ ಮುಂದಿನ ಡಿಸೆಂಬರ್ ನಿಂತಿರೋದೇ ಅದರ ಮೇಲೆ.

ಆ ಇಬ್ಬರು ಹುಡುಗರು ಏನಾದರು ಅಂತ ಕೇಳ್ತೀರಾ? ಹರ್ಟ್ಸ್ 2018ರ ಡಿಸೆಂಬರ್‌ನಲ್ಲಿ ಡಿಗ್ರಿ ಮುಗಿಸಿ, ಓಕ್ಲಹೋಮಾಗೆ ಹೋಗಿ ಒಂದು ವರ್ಷ ಆಡಿದ. 2020ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಟುವಾ ಐದನೆಯವನು, ಹರ್ಟ್ಸ್ 53ನೆಯವನು. 2025ರ ಫೆಬ್ರವರಿ 9ರಂದು ಫಿಲಡೆಲ್ಫಿಯಾ ಈಗಲ್ಸ್ 40-22ರಲ್ಲಿ ಕಾನ್ಸಸ್ ಸಿಟಿಯನ್ನ ಸೋಲಿಸಿ ಸೂಪರ್ ಬೌಲ್ ಗೆದ್ದಾಗ ಪಂದ್ಯಶ್ರೇಷ್ಠ ಆಗಿದ್ದು ಜೇಲೆನ್ ಹರ್ಟ್ಸ್. ಆ ಪಂದ್ಯ ನಡೆದಿದ್ದು ಜ್ಯಾರೆಟ್ ಲೀ ಕಾಯ್ತಾ ಕೂತಿದ್ದ ಅದೇ ಸೂಪರ್‌ಡೋಮ್‌ನಲ್ಲಿ. ಅಟ್ಲಾಂಟಾದಲ್ಲಿ ಟುವಾನ ಆ ಕೊನೇ ಪಾಸ್ ಹಿಡಿದ ಡೆವಾಂಟಾ ಸ್ಮಿತ್ ಕೂಡ ಅವತ್ತು ಹರ್ಟ್ಸ್ ತಂಡದಲ್ಲೇ ಇದ್ದ. ಹರ್ಟ್ಸ್ ಎಸೆದ 46 ಯಾರ್ಡ್‌ನ ಟಚ್‌ಡೌನ್ ಪಾಸ್ ಹಿಡಿದವನೂ ಅವನೇ.

ಇವತ್ತಿಗೆ ಇಷ್ಟು. ಆ ವಿರಾಮದಲ್ಲಿ ನೀವು ಕೋಚ್ ಆಗಿದ್ದರೆ ಏನು ಮಾಡ್ತಿದ್ದಿರಿ? ಫಲಿತಾಂಶ ಮರೆತು ಒಂದ್ಸಲ ಯೋಚನೆ ಮಾಡಿ.