ಕಥಾಸಮಯ ಮತ್ತು ಗೊಂಬೆಯಾಟ: ಪೂರಾ ಬೆಲ್‌ಪ್ರೆ ಅವರ ಗ್ರಂಥಾಲಯ ಕಾರ್ಯ

ಮಕ್ಕಳ ಗ್ರಂಥಾಲಯಗಳ ಕರಕುಶಲ ಚಟುವಟಿಕೆ ಹಾಗೂ ಓದುಕೂಟಗಳನ್ನು ಕೇವಲ ಮನರಂಜನೆಯೆಂದು ಬದಿಗಿರಿಸುವುದು ರೂಢಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಇತಿಹಾಸ ಇದನ್ನು ಒಪ್ಪಗೊಡುವುದಿಲ್ಲ.

ಪೋರ್ಟೊರಿಕೊ ದ್ವೀಪದಿಂದ ಬಂದ ಪೂರಾ ಬೆಲ್‌ಪ್ರೆ 1921ರಲ್ಲಿ ಹಾರ್ಲೆಮ್‌ನ 135ನೆಯ ಬೀದಿಯ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಜ್ಜಿಯ ಬಾಯಿಂದ ಕೇಳಿ ಬೆಳೆದ ಕಥೆಗಳು ಅಲ್ಲಿಯ ಕಪಾಟುಗಳಲ್ಲಿ ಅವರಿಗೆ ಕಾಣಲಿಲ್ಲ. ಕಥಾಸಮಯದಲ್ಲಿ ಅಚ್ಚಾದ ಕಥೆಗಳನ್ನಷ್ಟೇ ಹೇಳಬೇಕೆಂಬುದು ಆಗಿನ ಕಟ್ಟಳೆ. ವಲಸೆ ಬಂದವರ ಬಾಯಿಮಾತಿನ ಪರಂಪರೆಗೆ ಈ ಕಟ್ಟಳೆಯೇ ಬಾಗಿಲು ಮುಚ್ಚಿತ್ತೆನ್ನಬೇಕು. ಬೆಲ್‌ಪ್ರೆ ವಿಶೇಷ ಅನುಮತಿ ಪಡೆದು ಜಿರಲೆ ಮಾರ್ಟಿನಾ ಮತ್ತು ಇಲಿ ಪೆರೆಸ್‌ರ ಕಥೆಯನ್ನು ಮಕ್ಕಳಿಗೆ ಹೇಳಿದರು. 1932ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. ಹೇಳಿದ ಕಥೆ ಕಪಾಟನ್ನು ಸೇರಿತು.

1929ರಲ್ಲಿ 115ನೆಯ ಬೀದಿಯ ಶಾಖೆಗೆ ಹೋದ ಮೇಲೆ ಅವರ ಕಾರ್ಯ ವಿಸ್ತರಿಸಿತು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಥೆ ಹೇಳಿದರು. ಜನವರಿ 6ರ ಮೂವರು ಅರಸರ ಹಬ್ಬವನ್ನು ಗ್ರಂಥಾಲಯದೊಳಗೇ ಆಚರಿಸಿದರು. ತಾವೇ ತಯಾರಿಸಿದ ಗೊಂಬೆಗಳನ್ನು ಆಡಿಸಿದರು. ಮಾತು ತಿಳಿಯದ ಮಗುವಿಗೂ ಗೊಂಬೆಯ ಚಲನೆ ತಿಳಿಯುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುತ್ತಿದ್ದ ಮಕ್ಕಳ ಮಟ್ಟಿಗೆ ಇದು ಸಣ್ಣ ಅನುಕೂಲವಲ್ಲ.

1943ರಲ್ಲಿ ವಿವಾಹವಾದ ಬಳಿಕ ಬೆಲ್‌ಪ್ರೆ ಗ್ರಂಥಾಲಯವನ್ನು ಬಿಟ್ಟರು. 1960ರ ದಶಕದಲ್ಲಿ ಮರಳಿ ಬಂದು, ಆ ದಶಕದ ಕೊನೆಯಲ್ಲಿ ಸೌತ್ ಬ್ರಾಂಕ್ಸ್ ಯೋಜನೆಯಡಿ ಗೊಂಬೆಯಾಟದ ರಂಗವನ್ನು ಆ ಬಡಾವಣೆಯ ಮಕ್ಕಳ ಬಳಿಗೇ ಒಯ್ದರು. 1982ರಲ್ಲಿ ಅವರು ನಿಧನರಾದರು. ಅವರ ಹೆಸರಿನ ಪ್ರಶಸ್ತಿಯನ್ನು 1996ರಿಂದ ಲ್ಯಾಟಿನೋ ಬಾಲಸಾಹಿತಿಗಳಿಗೂ ಚಿತ್ರಕಾರರಿಗೂ ನೀಡಲಾಗುತ್ತಿದೆ.