ಗಣಕ, ದೂರವಾಣಿ ಮತ್ತು ಮಲೆನಾಡಿನ ಆನೆ

ಊರಿಗೆ ಅಪಾಯ ಒದಗಿದಾಗ ಸುದ್ದಿ ಮುಟ್ಟಿಸುವ ಕ್ರಮಗಳು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಉಂಟು. ತಳವಾರನು ಡಂಗುರ ಸಾರುತ್ತಿದ್ದನು. ಗದ್ದೆಯ ಅಟ್ಟಣೆಯ ಮೇಲೆ ಕಾವಲಿದ್ದವನು ತಮಟೆ ಬಡಿಯುತ್ತಿದ್ದನು. ಒಂದು ತೋಟದ ಕೂಗಿಗೆ ಇನ್ನೊಂದು ತೋಟದವರು ಓಗೊಡುತ್ತಿದ್ದರು. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಇಂದು ಆ ಕೆಲಸದ ಒಂದು ಪಾಲನ್ನು ಮೊಬೈಲು ದೂರವಾಣಿ ವಹಿಸಿಕೊಂಡಿದೆ. ಆನೆ ಯಾವ ಊರಿನ ಬಳಿ ಇದೆ ಎಂಬ ಸುದ್ದಿ ಅನೇಕರಿಗೆ ಏಕಕಾಲದಲ್ಲಿ ಹೋಗುತ್ತದೆ. ಇದು ಒಬ್ಬ ಮನುಷ್ಯನು ಕುಳಿತು ಒಂದೊಂದೇ ಸಂಖ್ಯೆಯನ್ನು ಒತ್ತಿ ಮಾಡುವ ಕೆಲಸವಲ್ಲ; ಗಣಕವು ದೂರವಾಣಿಗೆ ಆಜ್ಞೆ ಕೊಟ್ಟು ಮಾಡಿಸುವ ಕೆಲಸ. ಗಣಕವು ದೂರವಾಣಿಯೊಡನೆ ಮಾತನಾಡಲು ಕಲಿತದ್ದು ಹೇಗೆ ಎಂಬ ಚರಿತ್ರೆಯನ್ನು ಕನ್ನಡದ ಮೇಷ್ಟರೊಬ್ಬನು ಬರೆಯಹೊರಟರೆ ವಾಚಕರು ಅಧಿಕಪ್ರಸಂಗವೆಂದು ಭಾವಿಸಬಾರದು. ಮೂಲತಃ ಅದೂ ಭಾಷೆಯ ಚರಿತ್ರೆಯೇ.

ಮೊದಲಿಗೆ ಇವೆರಡಕ್ಕೂ ಸಮಾನವಾದ ಭಾಷೆ ಇರಲಿಲ್ಲ. ಮನುಷ್ಯನೇ ಸಂಖ್ಯೆ ತಿರುಗಿಸಿ, ರಿಸೀವರನ್ನು ಒಂದು ರಬ್ಬರಿನ ಬಟ್ಟಲಿನಲ್ಲಿ ಕವುಚಿಟ್ಟು, ಗಣಕದ ಸದ್ದು ತಂತಿಗೆ ಕೇಳಿಸುವಂತೆ ಮಾಡುತ್ತಿದ್ದ ಕಾಲವದು. 1981ರಲ್ಲಿ ಅಮೆರಿಕದ ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬವರು ‘ಸ್ಮಾರ್ಟ್‌ಮೋಡೆಮ್’ ಎಂಬ ಪೆಟ್ಟಿಗೆಯನ್ನು ಹೊರತಂದರು. ಗಣಕವು ‘ಎಟಿ’ ಎಂಬ ಎರಡು ಅಕ್ಷರಗಳನ್ನು ಕಳುಹಿಸಿದರೆ ಆ ಪೆಟ್ಟಿಗೆ ಕಿವಿ ನಿಮಿರಿಸುತ್ತಿತ್ತು. ‘ಅಟೆನ್ಷನ್’ ಎಂಬ ಮಾತಿನ ಸಂಕ್ಷೇಪ ಅದು. ‘ಎಟಿಡಿ’ ಎಂದು ಬರೆದು ಸಂಖ್ಯೆ ಕೊಟ್ಟರೆ ಕರೆ. ‘ಎಟಿಎಚ್’ ಎಂದರೆ ಕರೆ ಮುಗಿಸು. ನಾಲ್ಕಾರು ಧಾತುಗಳಷ್ಟೇ ಇದ್ದ ಈ ಬಡ ಭಾಷೆ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಮುಂದೆ ಮೊಬೈಲಿನ ಮೋಡೆಮುಗಳಿಗೂ ಅದೇ ಭಾಷೆ ಬಂದಿತು.

ಆದರೆ ಒಂದು ತೊಡಕಿತ್ತು. ತಯಾರಕರು ಹಲವರು, ಒಬ್ಬೊಬ್ಬರ ಸಲಕರಣೆಗೆ ಒಂದೊಂದು ರೀತಿ. ಕ್ರಮವಿಧಿ ಬರೆಯುವವನು ಎಲ್ಲವನ್ನೂ ಅರಿತಿರಬೇಕಾಗಿತ್ತು. 1993ರಲ್ಲಿ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸಂಸ್ಥೆಗಳು ಕೂಡಿ ‘ಟ್ಯಾಪಿ’ ಎಂಬ ನಡುವಣ ಪದರವನ್ನು ರೂಪಿಸಿದವು. ಕಚೇರಿಗಳ ದೂರವಾಣಿ ವಿನಿಮಯ ಕೇಂದ್ರಗಳನ್ನು ಗಣಕಕ್ಕೆ ಕೂಡಿಸಲು ನಾವೆಲ್ ಮತ್ತು ಎಟಿ ಅಂಡ್ ಟಿ ಸಂಸ್ಥೆಗಳು ‘ಟಿಸ್ಯಾಪಿ’ ಎಂಬುದನ್ನು ತಂದವು. 1995ರ ವಿಂಡೋಸ್‌ನಲ್ಲಿ ಟ್ಯಾಪಿ ಸೇರಿಯೇ ಬಂದಿತು. ಕ್ರಮವಿಧಿಯು ‘ಈ ಸಂಖ್ಯೆಗೆ ಕರೆ ಮಾಡು’ ಎಂದು ಒಂದೇ ಮಾತು ಹೇಳಿದರೆ ಸಾಕು; ಯಾವ ಸಲಕರಣೆಗೆ ಅದನ್ನು ಹೇಗೆ ತಿಳಿಸಬೇಕೆಂಬ ಚಿಂತೆ ಆ ಪದರದ್ದು. ವ್ಯಾಕರಣದ ಪಾಠದಲ್ಲಿ ನಾವು ಹೇಳುವ ಸಂಧಿಕಾರ್ಯವನ್ನು ಇದಕ್ಕೆ ಹೋಲಿಸಬಹುದು: ಎರಡು ಪದಗಳು ತಮ್ಮ ಅರ್ಥವನ್ನು ಬಿಟ್ಟುಕೊಡದೆ ಕೂಡುತ್ತವೆ, ಕೂಡುವ ಜಾಗದಲ್ಲಿ ಮಾತ್ರ ನಿಯಮ ಬೇಕು.

ಈ ಚರಿತ್ರೆಗೆ ಕರ್ನಾಟಕವೂ ಹೊರಗಲ್ಲ. ದೂರವಾಣಿ ಉಪಕರಣಗಳ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬೆಂಗಳೂರಿನಲ್ಲಿ ಆರಂಭವಾದದ್ದು 1948ರಲ್ಲಿ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಸಂಪರ್ಕಗಳ ವಿನಿಮಯ ಕೇಂದ್ರ 1986ರಲ್ಲಿ ಮೊದಲು ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಕೆಗಳನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಯಂತ್ರ ಅದು. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕಾದ ತಲೆಮಾರಿಗೆ ಇದರ ಬೆಲೆ ಗೊತ್ತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಮಾಡಿದ ಕರೆಯೊಡನೆ ಭಾರತದಲ್ಲಿ ಮೊಬೈಲು ಸೇವೆ ಮೊದಲಾಯಿತು. ಅದಕ್ಕೂ ಮುಂಚೆ, 1992ರ ಡಿಸೆಂಬರ್ 3ರಂದು, ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ಇಂಗ್ಲೆಂಡಿನಲ್ಲಿ ಪ್ರಪಂಚದ ಮೊದಲ ಎಸ್ಸೆಮ್ಮೆಸ್ಸನ್ನು ಕಳುಹಿಸಿದ್ದನು. ಅದು ಹೊರಟದ್ದು ಫೋನಿನಿಂದಲ್ಲ, ಗಣಕದಿಂದ! ಗಣಕದಿಂದ ಕೈಫೋನಿಗೆ ಸುದ್ದಿ ಹೋಗುವುದು ಆಮೇಲಿನ ಸೇರ್ಪಡೆಯಲ್ಲ. ಎಸ್ಸೆಮ್ಮೆಸ್ಸು ಹುಟ್ಟಿದ್ದೇ ಹಾಗೆ.

ಇನ್ನು ಆನೆಯ ವಿಚಾರ. ಹೇಮಾವತಿಯ ಈ ಸೀಮೆಯಲ್ಲಿ ಕಾಡು ತುಂಡುತುಂಡಾಗಿ ಕಾಫಿತೋಟ, ಗದ್ದೆಗಳ ನಡುವೆ ಉಳಿದಿದೆ. ಆನೆಗಳು ಹಗಲನ್ನು ಕಾಫಿಗಿಡಗಳ ಮರೆಯಲ್ಲೇ ಕಳೆಯುತ್ತವೆ. ಬೆಳಗಿನ ಮಂಜಿನಲ್ಲಿ ಹತ್ತು ಮಾರು ದೂರದ ಆನೆ ಕಾಣದು. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಸಲಹೆಯಿತ್ತು. 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ಆದರೂ ಆನೆಗಳು ಮುಗಿಯಲಿಲ್ಲ. ಹಿಡಿಯುವ ಕೆಲಸವಾದರೂ ಸುಲಭದ್ದೇ? ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಮಡಿದದ್ದು ಇದೇ ಸಕಲೇಶಪುರ ತಾಲ್ಲೂಕಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ.

ಹಿಡಿಯುವುದಾಗದಿದ್ದರೆ ತಿಳಿಯುವುದಾದರೂ ಆಗಬೇಕು. ತಮಿಳುನಾಡಿನ ವಾಲ್ಪಾರೈ ಚಹಾತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಆನಂದ ಕುಮಾರ್ ಮತ್ತು ಅವರ ಜೊತೆಗಾರರು ಕಂಡುಕೊಂಡದ್ದು ಇದನ್ನೇ: ಆನೆ ಅಲ್ಲಿದೆ ಎಂದು ತಿಳಿಯದೆ ಎದುರಾದವರೇ ಹೆಚ್ಚಾಗಿ ಸತ್ತಿದ್ದಾರೆ. 2011ರಿಂದ ಅಲ್ಲಿ ಎಸ್ಸೆಮ್ಮೆಸ್ಸು ಹೊರಡತೊಡಗಿತು. ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳು ಕಂಬವೇರಿದವು. 2015ರಲ್ಲಿ ಆನಂದ ಕುಮಾರರಿಗೆ ಇದಕ್ಕಾಗಿ ವಿಟ್ಲಿ ಪ್ರಶಸ್ತಿ ಬಂದಿತು. 2017ರಿಂದೀಚೆಗೆ ಅರಣ್ಯ ಇಲಾಖೆ ಮತ್ತು ಅದೇ ಸಂಸ್ಥೆ ಸೇರಿ ಹಾಸನ ಜಿಲ್ಲೆಯಲ್ಲಿ ಈ ಏರ್ಪಾಡನ್ನು ತಂದವು: ಎಸ್ಸೆಮ್ಮೆಸ್ಸು, ಧ್ವನಿಕರೆ, ರಸ್ತೆಬದಿಯಲ್ಲಿ ಬೆಳಕಿನ ಅಕ್ಷರದ ಫಲಕ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿದ್ದೂ ಉಂಟು. ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು ಎಂದು ಜನ ಹಿಂಡುಗಳನ್ನು ಹೆಸರಿನಿಂದಲೇ ಬಲ್ಲರು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳಲೇಬೇಕು. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಗುರುತುಗಳು ಹಿಡಿಸುತ್ತವೆ. ಕನ್ನಡದಲ್ಲಿ ಸಾಮಾನ್ಯವಾಗಿ 70 ಮಾತ್ರ. ಅದರಲ್ಲೂ ಯಂತ್ರವು ನಮ್ಮಂತೆ ಅಕ್ಷರವನ್ನು ಎಣಿಸುವುದಿಲ್ಲ. ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ. ಅದಕ್ಕೆ ಆರು ಗುರುತು. ‘ಕಟ್ಟೇಪುರ’ ನಾಲ್ಕಕ್ಷರದ ಊರು, ಅದಕ್ಕೆ ಎಂಟು. ಆದ್ದರಿಂದ ಆನೆಯ ಸುದ್ದಿಯನ್ನು ಕನ್ನಡದಲ್ಲಿ ಬರೆಯುವವನಿಗೆ ಶಾಸನಕಾರನ ಬಿಗುವು ಬೇಕು. ಊರು, ದಿಕ್ಕು, ಎಚ್ಚರಿಕೆ, ಅಷ್ಟರಲ್ಲಿ ಮುಗಿಯಬೇಕು.

ಗಣಕದಿಂದ ರಾಶಿಯಾಗಿ ಹೊರಡುವ ಸುದ್ದಿಗೆ ಕಾನೂನಿನ ಕಟ್ಟೂ ಉಂಟು. ಜಾಹೀರಾತಿನ ಕಾಟ ತಡೆಯಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ನಿಯಮ ಮಾಡಿತು. ವಾಕ್ಯದ ಅಚ್ಚನ್ನೇ ಮುಂಚಿತವಾಗಿ ನೋಂದಾಯಿಸಿ, ಬದಲಾಗುವ ಮಾತಿಗೆ ಮಾತ್ರ ಖಾಲಿ ಜಾಗ ಬಿಡಬೇಕಾಯಿತು. 2021ರ ಮಾರ್ಚ್ 8ರಂದು ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಾಗ ದೇಶದಾದ್ಯಂತ ಬ್ಯಾಂಕುಗಳ ಸಂದೇಶಗಳೇ ಸಿಕ್ಕಿಬಿದ್ದು, ಕೆಲವು ದಿನ ಅದನ್ನು ತಡೆಹಿಡಿಯಬೇಕಾಯಿತು. ಬೆಸುಗೆಯ ಜಾಗದಲ್ಲಿ ನಿಯಮ ತಪ್ಪಿದರೆ ಎರಡು ಕಡೆಯ ಯಂತ್ರಗಳೂ ಸರಿಯಿದ್ದು ಸುದ್ದಿ ಮಾತ್ರ ನಿಲ್ಲುತ್ತದೆ.

ಈ ಸರಪಣಿಯ ಎರಡು ಕೊನೆಗಳಲ್ಲಿಯೂ ಇರುವವನು ಮನುಷ್ಯನೇ ಎಂಬುದನ್ನು ನಾವು ಮರೆಯಬಾರದು. ಒಂದು ಕೊನೆಯಲ್ಲಿ ಲದ್ದಿಯ ಬಿಸಿ, ಹೆಜ್ಜೆಯ ಜಾಡು ನೋಡುತ್ತಾ ನಡೆಯುವ ಅರಣ್ಯ ಇಲಾಖೆಯ ಹುಡುಗನಿದ್ದಾನೆ. ಅವನು ಕಾಣದ ಆನೆಯನ್ನು ಪಟ್ಟಿ ಕಟ್ಟದ ಹೊರತು ಗಣಕವೂ ಕಾಣದು. ಇನ್ನೊಂದು ಕೊನೆಯಲ್ಲಿ ಕಾಫಿ ಕೊಯ್ಯಲು ಹೊರಟ ಕೂಲಿಯ ಹೆಂಗಸಿದ್ದಾಳೆ. ಅವಳ ಸಂಖ್ಯೆ ಪಟ್ಟಿಯಲ್ಲಿರದಿದ್ದರೆ, ಕಣಿವೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ, ಬಂದ ಕನ್ನಡವನ್ನು ಅಸ್ಸಾಮಿನಿಂದ ಬಂದ ಆಳು ಓದಲಾರದಿದ್ದರೆ ನಾಲ್ಕು ದಶಕಗಳ ಈ ವಿದ್ಯೆಯೆಲ್ಲ ವ್ಯರ್ಥ. ಓದುಬರಹ ಬಾರದವನಿಗೆ ಧ್ವನಿಕರೆಯೇ ಗತಿ. ಅದು ಅವನ ಭಾಷೆಯಲ್ಲಿ ಇರಬೇಕು.

ಕೊನೆಯದಾಗಿ, ಸುದ್ದಿ ತಿಳಿದವರಿಗೆ ದಾರಿ ಬದಲಿಸುವ ಸ್ವಾತಂತ್ರ್ಯವಿರಬೇಕು. ಆನೆ ಇರುವ ತೋಟಕ್ಕೆ ಹೋಗದಿದ್ದರೆ ಅಂದಿನ ಕೂಲಿ ಇಲ್ಲವೆಂದಾದರೆ ಬಡವರು ಸುದ್ದಿಯನ್ನು ಓದಿಯೂ ಹೋಗುವರು. ಗಣಕಕ್ಕೂ ದೂರವಾಣಿಗೂ ನಡುವೆ ಬೇಕಾದ ನಿಯಮವನ್ನು ಎಂಜಿನಿಯರುಗಳು ಬರೆದುಕೊಟ್ಟಿದ್ದಾರೆ. ಸುದ್ದಿ ಬಂದ ದಿನದ ಕೂಲಿಗೆ ಬೇಕಾದ ನಿಯಮವನ್ನು ತೋಟದ ಯಜಮಾನರು ಬರೆಯಬೇಕಾಗಿದೆ.